ಚಂದ್ರಿ ದೇವರಾದ ದಿನ

ಜತ್ತ ಸಂಸ್ಥಾನದ ಆಳಿಕಿ ಮುಗದು ನಾಕೈದು ವರ್ಷ ಆಗಿದ್ವು. ನಾ ಗಂಡನ ಮನಿಗಿ ನಡಿಯಾಕ ಬಂದ ಮ್ಯಾಲ ಬಂದ ಮೊದಲನೇ ಶಿವರಾತ್ರಿ ಅದು. ನನ್ನ ತವರಮನಿ ಅಸಂಗಿ, ಕೊಟ್ಟ ಮನಿ ಸಂಖ. ಇವತ್ತಿಗೂ ಶಿವರಾತ್ರಿ ಬಂತಂದ್ರ ನನಗ ಮೊದಲ ನಗಿ ಬರತೈತಿ, ಆಮ್ಯಾಲ ಭಕ್ತಿ. ಶಿವ ನನ್ನ ಕ್ಷಮಾ ಮಾಡ್ಲಿ. ಆದ್ರ ಆ ದಿನ ನಡದದ್ದು ಕೇಳಿದ್ರ ಅವನೂ ನಕ್ಕಾನು.

ನನ್ನ ಸಂಗಾಟ ತವರಮನಿಯಿಂದ ಒಂದು ಖಿಲ್ಲಾರಿ ಆಕಳ ಬಂದಿತ್ತು. ಚಂದ್ರಿ ಅಂತ ಹೆಸರು. ಮದಿವ್ಯಾಗ ಮಗಳಿಗಿ ಕೊಡೂ ಬಳವಳಿ ಅಂತ ನಮ್ಮಪ್ಪ ಕೊಟ್ಟದ್ದು. ಬೆಳ್ಳನ್ನ ಮೈ, ಚೂಪ ಕೋಡು, ಮಾರಿ ಮ್ಯಾಲ ಬೂದಿ ಬಣ್ಣ. ಕರ ಇದ್ದಾಗ ಅದರ ತಾಯಿ ಹಾಲು ಕೊಡಲಿಲ್ಲ, ನಾನ ನುಚ್ಚಿನ ಗಂಜಿ ಕುಡಿಸಿ ಬೆಳಸಿದ್ನಿ. ತವರು ಬಿಟ್ಟು ಬರೂಮುಂದ ನಮ್ಮವ್ವ ಅತ್ಳು, ನಮ್ಮ ತಮ್ಮ ಅತ್ತ, ನಾ ಮಾತ್ರ ಅಳಲಿಲ್ಲ. ಬಂಡಿ ಹಿಂದ ಚಂದ್ರಿ ಬರಾಕತ್ತಿತ್ತಲ್ಲ, ನನಗ ಅರ್ಧ ತವರ ಸಂಗಾಟ ಬಂದಂಗ ಆಗಿತ್ತು.

ಬರೂಮುಂದ ನಮ್ಮವ್ವ ಒಂದ ಮಾತು ಕಿವ್ಯಾಗ ಹಾಕಿ ಕಳಿಸಿದ್ಳು. "ಮಾವನ ಮುಂದ ದನಿ ತಗೀಬ್ಯಾಡ. ಹೂಂ ಅನ್ನೂದಿದ್ರ ಗೋಣು ಹಾಕು, ಊಹೂಂ ಅನ್ನೂದಿದ್ರ ಗೋಣು ಅಳ್ಳಾಡ್ಸು. ಅಷ್ಟ ಸಾಕು." ನಮ್ಮ ಕಡಿ ಆವಾಗ ಹೊಸ ಸ್ವಸಿ ಅಂದ್ರ ಹಂಗ. ಸೆರಗು ಹಣಿಗಿ ಬಂದಿರಬೇಕು, ದನಿ ಗಂಟಲದಾಗ ಇರಬೇಕು. ನಾನೂ ಹಂಗ ಇದ್ನಿ. ನನ್ನ ಮಾವನವರು ಉದ್ದಾನ ಮನಷ್ಯಾ, ದೊಡ್ಡ ಪಟಕಾ, ಅದಕ್ಕಿಂತ ದೊಡ್ಡ ಮೀಸಿ. ಅವರು ಕೆಮ್ಮಿದ್ರ ನಾ ಒಳಗ ಓಡತಿದ್ನಿ. ಖರೇ ಹೇಳಬೇಕಂದ್ರ ಅವರು ಯಾರಿಗೂ ಬೈದದ್ದು ನಾ ನೋಡಿರಲಿಲ್ಲ. ಮೀಸಿಗೇ ಅಂಜತಿದ್ನಿ ಅನ್ರಿ.

ನನ್ನ ಅತ್ತಿಯಾರು, ನೀಲವ್ವ ಅಂತ ಅವರ ಹೆಸರು, ಮಾವನವರಿಗಿ ಪೂರಾ ಉಲ್ಟಾ. ಗುಂಡನ್ನ ಮೈ, ಮುಂಜಾನೆ ಎದ್ದು ಕುಂತ್ರ ಹೊತ್ತ ಮುಳಗೂತನಾ ಬಾಯಿ ನಿಲ್ಲೂದಿಲ್ಲ. ಭಕ್ತಿ ಅಂದ್ರ ಅಂಥಾ ಇಂಥಾ ಭಕ್ತಿ ಅಲ್ಲ. ಬೆಕ್ಕು ಹಾಯ್ದ್ರೂ ಶಿವ ಶಿವ, ಹಾಲು ಉಕ್ಕಿದ್ರೂ ಶಿವ ಶಿವ. ಶಿವರಾತ್ರಿ ಅಂದ್ರ ಕೇಳಬ್ಯಾಡ್ರಿ. ಜಗಲಿ ಮ್ಯಾಲಿನ ಲಿಂಗಕ್ಕ ಪತ್ರಿ, ಎಕ್ಕಿ ಹೂ, ದತ್ತೂರಿ ಹೂ, ದತ್ತೂರಿ ಕಾಯಿ ಏರಿಸಿ ಏರಿಸಿ ಲಿಂಗನ ಕಾಣದಂಗ ಮಾಡಿದ್ರು. ದತ್ತೂರಿ ಅಂದ್ರ ಶಿವಗ ಭಾಳ ಪ್ರೀತಿ ಅಂತ, ತಿಪ್ಪಿ ಹಿಂದಿನ ಗಿಡದಾಗಿನ ಮುಳ್ಳಗಾಯಿ ಒಂದೂ ಬಿಡದ ಹರಕೊಂಡು ಬಂದಿದ್ರು. ಎಲ್ಲಾರೂ ಉಪವಾಸ ಇದ್ದು, ಭಜನಿ ಮಾಡಿ, ಜಾಗರಣಿ ಮುಗಿಸಿದ್ವಿ.

ಮರುದಿನ ಮುಂಜಾನೆ ಪೂಜಿ ತಗಿಯೂ ಹೊತ್ತು ಬಂತು. ದೇವರಿಗಿ ಏರಿಸಿದ ಹೂ ಪತ್ರಿ ಯಾರ ಕಾಲಾಗೂ ಬರಬಾರದು, ತುಳದ್ರ ಪಾಪ. ಪ್ರತಿ ವರ್ಷ ಹರಿಯೂ ಹಳ್ಳದಾಗ ಬಿಡತಿದ್ರಂತ. ಆ ಸಲ ಹಳ್ಳ ಲಗೂನ ಒಣಗಿ ಹೋಗಿತ್ತು. ಬಾವ್ಯಾಗ ಹಾಕಬೇಕಂದ್ರ ಮಾವನವರು ಆಗಷ್ಟ ಹೂಳು ತಗಸಿದ್ರು. "ಬಾವ್ಯಾಗ ಒಂದ ಎಲಿ ಬಿದ್ರೂ ನೋಡು ಮತ್ತ" ಅಂತ ತಾಕೀತ ಮಾಡಿದ್ರು. ಅತ್ತಿಯಾರು ಬುಟ್ಟಿ ಹಿಡಕೊಂಡು ಅಂಗಳದಾಗ ನಿಂತು ವಿಚಾರ ಮಾಡಿದ್ರು. ಆಕಳ ಹೊಟ್ಟ್ಯಾಗ ಎಲ್ಲಾ ದೇವರೂ ಇರತಾರ, ಹಳ್ಳಕ್ಕಿಂತ ಅದ ಪವಿತ್ರ ಜಾಗಾ ಅಂತ ಅವರಿಗಿ ಅನಿಸ್ತು. ಪತ್ರಿ, ಹೂ, ಮುಳ್ಳ ತಗದು ಜಜ್ಜಿದ ದತ್ತೂರಿ ಕಾಯಿ ಎಲ್ಲಾ ಕೂಡಿಸಿ, ನೈವೇದ್ಯದ ಬಾಳಿಹಣ್ಣು, ಬೆಲ್ಲ, ನೆನಿ ಹಾಕಿದ ಹತ್ತಿಕಾಳಿನಾಗ ಚಲೋತ್ನಂಗ ಕಲಸಿ ಚಂದ್ರಿ ಬಾನಿಗಿ ಸುರುವಿದ್ರು. ಬೆಲ್ಲದ ರುಚಿಗಿ ಅದು ಎಲ್ಲಾ ನೆಕ್ಕಿ ತಿಂತು. ಇದೆಲ್ಲಾ ನನಗ ಆಮ್ಯಾಲ ಗೊತ್ತಾದದ್ದು. ಆವಾಗ ನಾ ಒಳಗ ಹೋಳಿಗಿ ಹೂರಣ ಅರಿಯಾಕ ಕುಂತಿದ್ನಿ.

ಬಿಸಲು ಅಂಗಳಕ್ಕ ಇಳಿಯೂದಕ್ಕ ಅತ್ತಿಯಾರು ಒದರಿದ್ರು. "ಏ ಕಸ್ತೂರೀ, ಲಗೂ ಬಾ! ನಿನ್ನ ಚಂದ್ರಿ ಹೆಂಗೋ ಮಾಡಾಕತ್ತೈತಿ!"

ಓಡಿ ಹೋದ್ನಿ. ಚಂದ್ರಿ ಗೋಣು ಮ್ಯಾಲ ಎತ್ತಿ ಮುಗಿಲು ನೋಡಾಕತ್ತಿತ್ತು. ಹಿಂದಿನ ಕಾಲು ಅತ್ತಾಗ ಇತ್ತಾಗ ವಾಲತಿದ್ವು. ಗೂಟದ ಸುತ್ತ ಒಂದ ಸುತ್ತ ಹಾಕೂದು, ನಿಂದ್ರೂದು, ಇಲ್ಲದ್ದನ್ನ ಏನೋ ನೋಡಿದಂಗ ಬೆದರೂದು, ಮತ್ತ ಸುತ್ತ ಹಾಕೂದು. ನಾ "ಚಂದ್ರೀ" ಅಂದ್ರ ಯಾವಾಗಲೂ ಕಿವಿ ತಿರುವತಿತ್ತು. ಅವತ್ತ ಕರದ್ರ ನನ್ನ ಕಡಿ ನೋಡಲೂ ಇಲ್ಲ.

ಅಷ್ಟರಾಗ ಬಾಜೂಮನಿ ಬಂಗಾರೆವ್ವ ಗ್ವಾಡಿ ಮ್ಯಾಲಿಂದ ಇಣುಕಿದ್ಳು. ಊರಾಗ ಸುದ್ದಿ ಹುಟ್ಟೂಕಿಂತ ಮೊದಲ ಆಕಿ ಬಾಯಾಗ ಹುಟ್ಟತಿತ್ತು. "ನೀಲವ್ವಾ, ಏನ ಆತ ಆಕಳಕ್ಕ?" ಅಂದ್ಳು.

"ಏನಿಲ್ಲವ್ವಾ, ಶಿವರಾತ್ರಿ ಪೂಜಿ ಪ್ರಸಾದ ತಿನಿಸಿದ್ನಿ, ತಿಂದ ಮ್ಯಾಲ ಹಿಂಗ ಮಾಡಾಕತ್ತೈತಿ" ಅಂದ್ರು ಅತ್ತಿಯಾರು.

ಬಂಗಾರೆವ್ವ ಎರಡೂ ಕೈ ಜೋಡಿಸಿ ಬಿಟ್ಳು. "ಯವ್ವಾ! ಪ್ರಸಾದ ತಿಂದ ಮ್ಯಾಲ ಅಂತಿ, ಇನ್ನೇನ ಕೇಳ್ತಿ! ಮೈಯಾಗ ದೇವರು ಬಂದೈತಿ! ಮುಗಿಲು ನೋಡಾಕತ್ತಿಲ್ಲ ಅದು, ಕೈಲಾಸ ನೋಡಾಕತ್ತೈತಿ!"

ಮುಗೀತು. ಊರ ಬಾಯಿಗಿ ಮುಚ್ಚಳ ಎಲ್ಲಿಂದ ತರೂದು? ಎಲ್ಲಾರದೂ ಹಸದ ಹೊಟ್ಟಿ, ನಿದ್ದಿ ಇಲ್ಲದ ಕಣ್ಣು. ಅಂಥಾ ಹೊತ್ತಿನ್ಯಾಗ ದೇವರು ಬಂದಾನಂದ್ರ ಯಾರ ಒಲ್ಲೆ ಅಂತಾರ್ರಿ? ಒಂದ ಗಳಿಗ್ಯಾಗ ಅಂಗಳ ತುಂಬಿತು. ಒಬ್ಬಾಕಿ ಅರಿಷಿಣ ಕುಂಕುಮ ಹಚ್ಚಿದ್ಳು, ಒಬ್ಬಾಕಿ ಕೋಡಿಗಿ ಖಣ ಸುತ್ತಿದ್ಳು. ಇನ್ನೊಬ್ಬಾವ ಹಲಗಿ ತಂದು ಬಾರಿಸಾಕ ಚಾಲೂ ಮಾಡಿದ. ಹಲಗಿ ಸಪ್ಪಳಕ್ಕ ಚಂದ್ರಿ ಬೆದರಿ ಜಿಗದ್ರ, "ಕುಣಿಯಾಕತ್ತೈತಿ, ಕುಣಿಯಾಕತ್ತೈತಿ" ಅಂತ ಮಂದಿ ಕೈ ಮುಗದ್ರು. ಬಂಗಾರೆವ್ವ ಮುಂದ ಬಂದು, "ತಾಯಿ, ನನ್ನ ಮಗಳಿಗಿ ಈ ವರ್ಷ ವರ ಸಿಗತೈತೇನು?" ಅಂತ ಕೇಳಿದ್ಳು. ಚಂದ್ರಿ ನೊಣ ಝಾಡಿಸಾಕ ಗೋಣು ಹಾಕ್ತು. ಬಂಗಾರೆವ್ವ ಖುಷಿಲೆ ಅಳಾಕ ಹತ್ತಿದ್ಳು.

ಮಾವನವರು ಗುಡಿಯಿಂದ ಬಂದ್ರು, ಬಾಗಿಲದಾಗ ನಿಂತು ನೋಡಿದ್ರು. ಅವರ ಹಿಂದ ಪಾರಣಿ ಊಟಕ್ಕ ಹೇಳಿದ್ದ ಮಠದ ಅಯ್ಯನವರೂ ಬಂದ್ರು. "ಏನ್ರಿ ಅಯ್ಯನವರ, ಇದು ಹೌದೇನ್ರಿ?" ಅಂತ ಮಂದಿ ಕೇಳಿದ್ರ, ಪಾಪ, ಅಯ್ಯನವರ ಲಕ್ಷ್ಯೆಲ್ಲಾ ಅಡಗಿಮನಿ ವಾಸನಿ ಕಡಿ. "ಶಿವನ ಲೀಲಾ ಯಾರಿಗಿ ತಿಳಿತೈತಿ? ಪಾರಣಿ ಆದ ಮ್ಯಾಲ ವಿಚಾರ ಮಾಡೂಣು" ಅಂದ್ರು. ಮಂದಿ ಅದನ್ನ ಹೌದಂತ ತಿಳಕೊಂಡ್ರು.

ನಾ ಚಂದ್ರಿ ಮಾರಿ ಹತ್ತರ ಹೋದ್ನಿ. ಅದರ ಕಣ್ಣು ನೋಡಿದ್ನಿ. ಕರಿ ಗುಡ್ಡಿ ಕಣ್ಣ ತುಂಬಾ ಹರಡಿತ್ತು. ಬಿಸಲಿಗಿ ಮಾರಿ ಮಾಡಿದ್ರ ತಾಳದ ತಿರುವತಿತ್ತು. ಬಾಯಾಗ ಕೈ ಇಟ್ಟು ನೋಡಿದ್ನಿ, ಜೊಲ್ಲು ಒಂದ ಹನಿ ಇಲ್ಲ, ನಾಲಿಗಿ ಒಣಗಿ ಕಟಗಿ ಆಗಿತ್ತು. ಕಿವಿ ಕಾದ ಹಂಚಿನಂಗ ಸುಡತಿತ್ತು. ಇದು ದೇವರಲ್ಲ, ಜಡ್ಡು ಅಂತ ನನಗ ಗೊತ್ತಾತು. ಬಾನ್ಯಾಗ ಬಗ್ಗಿ ನೋಡಿದ್ರ ತಳದಾಗ ಅರ್ಧ ಜಗದ ದತ್ತೂರಿ ಕಾಯಿ ಬಿದ್ದಿತ್ತು. ದತ್ತೂರಿ ತಿಂದ್ರ ಹುಚ್ಚು ಹಿಡಿತೈತಿ, ಭಾಳ ತಿಂದ್ರ ಜೀವ ಹೋಗತೈತಿ ಅಂತ ನಮ್ಮ ಕಡಿ ಸಣ್ಣ ಕೂಸಿಗೂ ಗೊತ್ತು. ಆದ್ರ ಪ್ರಸಾದ ಅಂದ ಕೂಡಲೇ ಎಲ್ಲಾರ ಬುದ್ಧಿ ಮ್ಯಾಲೂ ವಿಭೂತಿ ಬಿದ್ದಿತ್ತು.

ಅತ್ತಿಯಾರ ಸೆರಗು ಜಗ್ಗಿದ್ನಿ. ಅವರು ಆರತಿ ಹಾಡಾಕತ್ತಿದ್ರು, ಕೇಳಲಿಲ್ಲ. ಕಣ್ಣಿಲೆ ತೋರಿಸಿದ್ನಿ, ಕೈಲೆ ತೋರಿಸಿದ್ನಿ. "ಹೂಂ ಹೂಂ, ನೀನೂ ಕೈ ಮುಗಿ" ಅಂದ್ರು. ಮಾವನವರು ಹತ್ತು ಮಾರು ದೂರ ನಿಂತಿದ್ರು. ಬಾಯಿ ಬಿಡೂದು ಹೆಂಗ? ನಮ್ಮ ಮನಿಯವರರ ಇದ್ರ ಅವರ ಕಿವ್ಯಾಗ ಹೇಳಬಹುದಿತ್ತು. ಅವರು ಜ್ವಾಳದ ಸುಗ್ಗಿ ಅಂತ ನಸಿಕಿನ್ಯಾಗ ಎತ್ತು ಹೊಡಕೊಂಡು ಹೊಲಕ್ಕ ಹೋಗಿದ್ರು.

ಆವಾಗ ಬಂಗಾರೆವ್ವ ಎಲ್ಲಿಗೋ ಓಡಿ ಹೋದಾಕಿ ತಲಿ ಮ್ಯಾಲ ದೊಡ್ಡ ಬುಟ್ಟಿ ಹೊತ್ಕೊಂಡು ಬಂದ್ಳು. "ಗುಡ್ಯಾಗಿನ ಪೂಜಿ ತಗದದ್ದು ಪೂರಾ ತಂದೀನಿ! ಮನಿ ಪ್ರಸಾದಕ್ಕ ದೇವರು ಇಷ್ಟು ಒಲದಾನಂದ್ರ, ಗುಡಿ ಪ್ರಸಾದಕ್ಕ ಮಾತಾಡತಾನ!" ಅಂದ್ಳು. ಬುಟ್ಟಿ ತುಂಬಾ ದತ್ತೂರಿ. ಊರ ಮಂದಿ ಏರಿಸಿದ್ದು. ಯಾರೋ ಬೆಲ್ಲದ ಹೆಂಟಿ ತಂದು ಕಲಸಾಕ ಕುಂತ್ರು. ಬಂಗಾರೆವ್ವ ದೊಡ್ಡ ಉಂಡಿ ಮಾಡಿ ಚಂದ್ರಿ ಬಾಯಿ ಹತ್ತರ ಒಯ್ದ್ಳು. ಅದೊಂದು ಉಂಡಿ ಹೊಟ್ಟಿಗಿ ಹೋದ್ರ ನನ್ನ ಚಂದ್ರಿ ಉಳಿಯೂದಿಲ್ಲ.

ನನಗ ಏನಾತೋ ಗೊತ್ತಿಲ್ಲ. ಸೆರಗು ಜಾರಿತು, ಜಾರಲಿ ಅಂದ್ನಿ. ಹೋಗಿ ಆಕಿ ಕೈಯಾಗಿನ ಉಂಡಿ ಬಡದು ಬೀಳಿಸಿದ್ನಿ, ಬುಟ್ಟಿ ಕಸಗೊಂಡು ಎದಿಗಿ ಅವಚಿಕೊಂಡ್ನಿ. "ತಿನಿಸಬ್ಯಾಡ್ರೀ!" ಅಂತ ಒದರಿದ್ನಿ. "ದೇವರೂ ಇಲ್ಲ ಗೀವರೂ ಇಲ್ಲರಿ! ದತ್ತೂರಿ ತಿಂದೈತಿ! ನನ್ನ ಆಕಳ ಸಾಯಾಕತ್ತೈತಿ!"

ಹಲಗಿ ನಿಂತು ಬಿಡ್ತು. ಅತ್ತಿಯಾರ ಕೈಯಾಗಿನ ಆರತಿ ತಾಟ ಅಲ್ಲೇ ನಿಂತಿತು. "ಏನ ಮಾತಾಡ್ತಿ ಹುಡಗಿ! ಶಿವಗ ಏರಿಸಿದ್ದು ವಿಷ ಹೆಂಗ ಆಗತೈತಿ?" ಅಂದ್ರು.

"ವಿಷ ಕುಡದು ದಕ್ಕಿಸ್ಕೊಂಡಾವ ಶಿವರೀ ಅತ್ತಿಯಾರ! ನಮ್ಮ ಚಂದ್ರಿ ಶಿವ ಅಲ್ಲರಿ, ಆಕಳರಿ!"

ಆವಾಗ ಬಾಗಿಲ ಕಡಿಯಿಂದ ಮಾವನವರ ದನಿ ಬಂತು. "ಯಾರದು ಮಾತಾಡಿದ್ದು?" ಖರೇನರಿ, ಅವರು ಅಲ್ಲೀತನಕ ನನ್ನ ದನಿನ ಕೇಳಿರಲಿಲ್ಲ.

ಸತ್ನಿ ಅಂತ ಅನಕೊಂಡ್ನಿ. ಆದ್ರ ಬುಟ್ಟಿ ಬಿಡಲಿಲ್ಲ. "ನಾನರಿ ಮಾವಾರ" ಅಂದ್ನಿ.

ಅವರು ಬಂದು ಬಾನ್ಯಾಗ ಕೈ ಹಾಕಿದ್ರು. ಮುಳ್ಳ ಉಳದಿದ್ದ ಒಂದು ಕಾಯಿ ಚೂರು ಕೈಗಿ ಬಂತು. ಅದನ್ನ ನೋಡಿದ್ರು, ಚಂದ್ರಿ ಕಣ್ಣು ನೋಡಿದ್ರು, ಹೊಟ್ಟಿ ಮುಟ್ಟಿ ನೋಡಿದ್ರು. ನನ್ನ ಕಡಿ ಹೊಳ್ಳಿ "ಹೌದವ್ವಾ" ಅಂದ್ರು, ಅಷ್ಟ. ಆಮ್ಯಾಲ ಮಂದಿ ಕಡಿ ತಿರುಗಿ, "ದೇವರು ಬಂದಿಲ್ಲ, ಅಮಲ ಏರೈತಿ. ಎಲ್ಲಾರೂ ಮನಿಗಿ ನಡೀರಿ, ಉಪವಾಸ ಬಿಡ್ರಿ. ಏ, ಹಲಗಿ ಬಗಲಾಗ ಹಾಕೊಂಡು ನಡಿ!" ಅಂತ ಒದರಿದ್ರು. ಆ ಮೀಸಿ ಮುಂದ ಯಾರ ನಿಂದರತಾರ? ಅಂಗಳ ಖಾಲಿ ಆತು. ಬಂಗಾರೆವ್ವ ಹೋಗೂಮುಂದ "ಹಂಗಾರ ನನ್ನ ಮಗಳ ವರ?" ಅಂತ ಕೇಳಿ ಹೋದ್ಳು.

ಮಾವನವರು, ನಾನು ಕೂಡಿ ಚಂದ್ರಿನ್ನ ಕೊಟಗಿ ಕತ್ತಲಾಗ ಕಟ್ಟಿದ್ವಿ. ತಲಿ ಮ್ಯಾಲ ಒದ್ದಿ ಮಾಡಿದ ಗೋಣಿಚೀಲ ಹಾಕಿದ್ವಿ. ಹುಣಸಿಹಣ್ಣು ಕಿವಿಚಿ ಬೆಲ್ಲ ಕೂಡಿಸಿದ ನೀರು, ಮ್ಯಾಲ ತಣ್ಣನ್ನ ಮಜ್ಜಿಗಿ, ಬಿದಿರ ಗೊಟ್ಟದಾಗ ತುಂಬಿ ಸಾವಕಾಶ ಕುಡಿಸಿದ್ವಿ. ನಾ ಗೋಣು ಹಿಡಿಯೂದು, ಅವರು ಗೊಟ್ಟ ಎತ್ತೂದು. "ಸ್ವಲ್ಪ ಮ್ಯಾಲ ಹಿಡಿ", "ಸಾಕ್ರಿ ಮಾವಾರ, ನುಂಗಲಿ" ಅಂತ ಮಾತಾಡಿಕೋತ ಮಾಡಿದ್ವಿ. ನಾ ಮಾತಾಡಾಕತ್ತೀನಿ ಅನ್ನೂದು ನನಗ ಮರ್ತ ಹೋಗಿತ್ತು.

ಹೊಟ್ಟಿ ಮಾತ್ರ ನಗಾರಿ ಆಗಿತ್ತು. ಮುಂಜಾನೆಯಿಂದ ಉಚ್ಚಿನ ಹೊಯ್ದಿರಲಿಲ್ಲ. "ದತ್ತೂರಿ ಒಳಗಿಂದ ಎಲ್ಲಾ ಕಟ್ಟತೈತಿ. ಉಚ್ಚಿ ಹೊಯ್ತಂದ್ರ ಆಕಳ ಉಳೀತು ಅಂತ ತಿಳಿ" ಅಂದ್ರು ಮಾವನವರು.

ಅತ್ತಿಯಾರು ಕೊಟಗಿ ಬಾಗಿಲದಾಗ ಕುಂತಿದ್ರು. ಕಣ್ಣಾಗ ದಳದಳ ನೀರು. ಕಡಿಗಿ ಹೇಳಿದ್ರು, "ಆಕಳ ಉಚ್ಚಿ ಹೊಯ್ಯೂತನಾ ನಾ ಬಾಯಾಗ ನೀರ ಹಾಕೂದಿಲ್ಲ. ಆಕಳ ಕೊಂದ ಪಾಪ ಹೊತ್ಕೊಂಡು ನಾ ಹೆಂಗ ಉಣ್ಲಿ?" ಅವರು ಉಣದಿದ್ರ ಮಾವನವರು ಉಣ್ಣೂದಿಲ್ಲ, ಅವರು ಉಣದಿದ್ರ ನಾ ಉಣ್ಣೂದಿಲ್ಲ. ಮನಿ ಯಜಮಾನ್ರು ಉಪವಾಸ ಕುಂತಾಗ ಅಯ್ಯನವರು ಒಬ್ಬರ ಹೋಳಿಗಿ ಮುರಿಯೂದು ಹೆಂಗ? ಅವರೂ ಬಂದು ನಮ್ಮ ಸಂಗಾಟ ಕುಂತ್ರು. ಹೊತ್ತು ಏರಿತು, ಇಳೀತು. ಹೋಳಿಗಿ ಬುಟ್ಟ್ಯಾಗ ಹಂಗ ಇದ್ವು. ಚಂದ್ರಿ ನಿಂತದ್ದು ನಿಂತಂಗ.

ಅಯ್ಯನವರಿಗಿ ಹಸಿವಿ ತಾಳಲಾರದಂಗ ಆಗಿರಬೇಕು. ಎದ್ದು ಚಂದ್ರಿ ಹಿಂದ ಹೋಗಿ ಕುಕ್ಕರಗಾಲಿಲೆ ಕುಂತು, ಸಣ್ಣ ಕೂಸಿಗಿ ತಾಯಿ ಮಾಡತಾಳಲ್ಲ, ಹಂಗ "ಸ್ಸ್... ಸ್ಸ್... ಸ್ಸ್..." ಅನ್ನಾಕ ಹತ್ತಿದ್ರು. ಕೊಳ್ಳಾಗ ರುದ್ರಾಕ್ಷಿ, ಹಣಿ ತುಂಬಾ ವಿಭೂತಿ, ಬಾಯಾಗ "ಸ್ಸ್"! ನನಗ ಅಳುವಿನ್ಯಾಗ ನಗಿ ಬಂತು. ಸೆರಗು ಬಾಯಿಗಿ ತುರಕೊಂಡ್ನಿ. "ನಗತಿಯೇನ ತಂಗಿ? ನೀನೂ ಅನ್ನು, ನಾಕ ಬಾಯಿ ಕೂಡಿದ್ರ ಚಲೋ" ಅಂದ್ರು ಅವರು. ಅತ್ತಿಯಾರು ಕಣ್ಣ ಒರಸಿಕೊಂಡು ಚಾಲೂ ಮಾಡಿದ್ರು. ನಾನೂ ಹತ್ತಿದ್ನಿ. ಕಡಿಗಿ ಮಾವನವರ ಮೀಸಿ ಕೆಳಗಿಂದೂ "ಸ್ಸ್" ಅಂತ ಬಂತು.

ಅದ ಹೊತ್ತಿಗಿ ನಮ್ಮ ಮನಿಯವರು ಹೊಲದಿಂದ ಎತ್ತು ಹೊಡಕೊಂಡು ಬಂದ್ರು. ಕೊಟಗಿ ಬಾಗಿಲಕ್ಕ ಬಂದು ನೋಡತಾರ, ಅಪ್ಪ, ಅವ್ವ, ಹೆಣತಿ, ಅಯ್ಯನವರು, ನಾಕೂ ಮಂದಿ ಆಕಳ ಹಿಂದ ಕುಂತು ಸ್ಸ್ ಅನ್ನಾಕತ್ತಾರ. "ಯಪ್ಪಾ, ನಿಮಗೆಲ್ಲಾ ಏನಾತು? ಯಾರ ಏನ ತಿಂದೀರಿ?" ಅಂದ್ರು.

ಎತ್ತಿನ ಕೊಳ್ಳಾಗಿನ ಗಂಟಿ ಸಪ್ಪಳ ಕೇಳಿ ಚಂದ್ರಿ ಮೆಲ್ಲಕ ಕಿವಿ ತಿರುವಿತು. ಒಂದ ಹೆಜ್ಜಿ ಸರೀತು, ಬೆನ್ನ ಬಾಗಿಸಿತು, ಬಾಲ ಎತ್ತಿತು. ಆಮ್ಯಾಲ ಕೇಳ್ರಿ, ಧೋ ಅಂತ! ಕೆರಿ ಕಟ್ಟಿ ಒಡದಂಗ! ಹೊಯ್ತು, ಹೊಯ್ತು, ನಿಂದ್ರವಲ್ದು. ಅಯ್ಯನವರು ಸರಿಯೂದರಾಗ ಅರ್ಧ ತೊಯ್ದ್ರು. "ಹರಹರ ಮಹಾದೇವ!" ಅಂತ ಅವರು ಒದರಿದ್ದು ಊರ ತುಂಬಾ ಕೇಳಿರಬೇಕು.

ಅತ್ತಿಯಾರು ಓಡಿ ಹೋಗಿ ಬೊಗಸಿ ಒಡ್ಡಿದ್ರು. ಬೊಗಸಿ ತುಂಬಾ ಹಿಡದು ಮನಿ ಮಂದಿಗೆಲ್ಲಾ ಗೊಜ್ಜಿದ್ರು. ಮಾವನವರ ಪಟಕಾಕ್ಕ, ಮಗನ ಮಾರಿಗಿ, ನನ್ನ ತಲಿಗಿ. ನಗತಿದ್ರು, ಅಳತಿದ್ರು. ನನ್ನ ಗಟ್ಟ್ಯಾಗಿ ತಬ್ಬಿಕೊಂಡು, "ಮಗಳ, ನೀ ಒದರದಿದ್ರ ನಾ ಇವತ್ತ ಏನ ಆಗತಿದ್ನೇ? ಇನ್ನ ಮ್ಯಾಲ ಈ ಮನ್ಯಾಗ ನೀ ಬಾಯಿ ಮುಚ್ಚಿದ್ರ ನನ್ನಾಣಿ ನೋಡು!" ಅಂದ್ರು. ನಾ ಅವರ ಹೆಗಲ ಮ್ಯಾಲ ತಲಿ ಇಟ್ಟು ಜೋರಾಗಿ ಅತ್ನಿ. ತವರ ಬಿಟ್ಟು ಬರೂಮುಂದ ಅಳದಿದ್ದ ಅಳು ಎಲ್ಲಾ ಅವತ್ತ ಬಂತು.

ಹೊತ್ತ ಮುಳಗೂದಕ್ಕ ಎಲ್ಲಾರೂ ಜಳಕಾ ಮಾಡಿ ಊಟಕ್ಕ ಕುಂತ್ವಿ. ನಮ್ಮಲ್ಲಿ ಗಂಡಸರು ಉಂಡ ಮ್ಯಾಲ ಹೆಂಗಸರು, ಎಲ್ಲಾರದೂ ಆದ ಮ್ಯಾಲ ಹೊಸ ಸ್ವಸಿ. ಅವತ್ತ ಮಾವನವರು ಅತ್ತಿಯಾರಿಗಿ, "ಎಲ್ಲಾರಿಗೂ ಕೂಡೇ ನೀಡು. ಕಸ್ತೂರಿನೂ ಇಲ್ಲೇ ಕುಂದರಲಿ" ಅಂದ್ರು. ಅಯ್ಯನವರು ಎಷ್ಟು ಹೋಳಿಗಿ ಉಂಡ್ರು ಅಂತ ನಾ ಹೇಳೂದಿಲ್ಲ, ಪಾಪ ಬರತೈತಿ. ಚಂದ್ರಿ ಕಣ್ಣು ತಿಳಿ ಆಗಾಕ ಇನ್ನೂ ಎರಡ ದಿನ ಹಿಡೀತು. ಮುಂದ ಅದು ಮನಿ ತುಂಬಾ ಕರ ಹಾಕ್ತು, ಮುದಕಿ ಆಗಿ ನಮ್ಮ ಕೊಟಗ್ಯಾಗ ಕಣ್ಣ ಮುಚ್ಚಿತು. ನಮ್ಮ ಮನ್ಯಾಗ ಅವತ್ತಿನಿಂದ ಪೂಜಿ ತಗದ ಹೂ ಪತ್ರಿ ತಗ್ಗ ತೋಡಿ ಮಣ್ಣಾಗ ಮುಚ್ಚತೀವಿ.

ಈಗ ನಾ ಮುದಕಿ ಆಗೀನಿ, ನನಗೂ ಸ್ವಸ್ಯಾರು ಅದಾರ. ಎಲ್ಲಾರೂ ಒಂದ ಮಾತು ಅಂತಿದ್ದಾಗ ಒಬ್ಬಾಕಿ ಬ್ಯಾರೆ ಮಾತು ಹೇಳೂದು ಎಷ್ಟು ಕಠಿಣ ಅಂತ ನನಗ ಗೊತ್ತೈತಿ. ಅದಕ್ಕ ಮನ್ಯಾಗ ಯಾವ ಹುಡಗಿ ದನಿ ಏರಿಸಿದ್ರೂ ನಾ ಮೊದಲ ಬೈಯ್ಯೂದಿಲ್ಲ, ಕೇಳತೀನಿ. ಅತ್ತಿಯಾರು ಅದಾದ ಮ್ಯಾಲ ಭಾಳ ವರ್ಷ ಬಾಳಿದ್ರು. ಮನಿಗಿ ಯಾರ ಬೀಗರು ಬರಲಿ, ಯಾರ ಹೊಸಬರು ಬರಲಿ, ಚಹಾ ಕೊಡಾಕ ನಾ ಹೊರಗ ಬಂದ ಕೂಡಲೇ ನನ್ನ ತೋರಿಸಿ ಹೇಳತಿದ್ರು: "ಇಕಿ ನನ್ನ ಸ್ವಸಿ. ಊರಿಗೆಲ್ಲಾ ದೊಡ್ಡ ಬಾಯಿಬಡಕಿ." ಹಂಗಂದು ಎದಿ ಉಬ್ಬಿಸಿ ಕುಂದರತಿದ್ರು. ಅಷ್ಟು ಚಲೋ ಬೈಗಳ ನನಗ ಮತ್ತ ಯಾರೂ ಬೈದಿಲ್ಲ.